ಗಾಜು ನೋಡ್ಕೊಳಿ

ಒಡೆದ ಗಾಜು ಕಣ್ಣಿಗೆ ಬಿದ್ದ ದಿನ ಗಾಜಪ್ಪನಿಗೆ ಊಟ ಸೇರುತ್ತಿರಲಿಲ್ಲ. ಯಾರ ಮನೆಯ ಕಿಟಕಿಯೇ ಆಗಲಿ, ಕರೆಯಲಿ ಬಿಡಲಿ, ಒಂದು ಬಿರುಕು ಕಂಡರೆ ಸಾಕು, ದಾರಿಯಲ್ಲೇ ನಿಂತು, ತಲೆ ಓರೆ ಮಾಡಿ, ಗಾಳಿಯಲ್ಲೇ ಗೇಣು ಹಾಕಿ ಅಳತೆ ತೆಗೆದುಕೊಂಡೇ ಮುಂದೆ ಹೋಗುವ ಆಸಾಮಿ. ಅಣೆಕಟ್ಟಿನ ಕಚೇರಿಗೆ ಸೇರಿದ ಕಟ್ಟಡಗಳಿಗೆಲ್ಲ ಗಾಜು ಕೂರಿಸುವುದು ಹನ್ನೆರಡು ವರ್ಷದಿಂದ ಅವನ ಕೆಲಸ. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಹಾಳೆಯಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಅವನು ಗಾಜಪ್ಪ.

ಊರೂ ಹೊಸದೇ. ಹಳೆಯ ಊರು ಜಲಾಶಯದ ಅಡಿಯಲ್ಲಿತ್ತು. ಅಲ್ಲಿಂದ ಎಬ್ಬಿಸಿದ ಜನರಿಗಾಗಿ ಗುಡ್ಡದ ಇಳಿಜಾರಿನಲ್ಲಿ ಸಾಲು ಮನೆ, ಒಂದು ಶಾಲೆ, ಒಂದು ಆಸ್ಪತ್ರೆ, ಅಂಚೆ ಕಚೇರಿ, ಪಂಪ್‌ಹೌಸ್ ಕಟ್ಟಿಸಿ ಕೊಟ್ಟಿದ್ದರು. ಯಾವ ಕಿಟಕಿ ತೆಗೆದರೂ ನೀರು. ನೀರು ತುಂಬಿದ ಎರಡನೆಯ ವರ್ಷ ನೆಲ ಗುಡುಗಲು ಶುರುವಾಯಿತು. ಮೊದಮೊದಲು ಜನ ಎದ್ದೆವೋ ಬಿದ್ದೆವೋ ಎಂದು ಬೀದಿಗೆ ಓಡುತ್ತಿದ್ದರು. ಆಮೇಲೆ ರೂಢಿಯಾಯಿತು, ರೂಢಿಯಾದ ಮೇಲೆ ಅದಕ್ಕೊಂದು ಹೆಸರೂ ಬಿತ್ತು. ಅಡುಗೆಮನೆಯಲ್ಲಿ ಲೋಟಗಳು ಕಿಣಿಕಿಣಿ ಎಂದರೆ, ನೀರಿನ ಕೆಳಗಿರುವ ಹಳೆಯ ಊರನ್ನು ನೆನೆದು, "ಕೆಳಮನೆಯವರು ಮಂಚ ಎಳೀತಿದಾರೆ" ಎನ್ನುತ್ತಿದ್ದರು. ಸ್ವಲ್ಪ ಜೋರಾದರೆ, "ಇವತ್ತು ಬೀರೂನೂ ಎಳೀತಿದಾರಲ್ಲ" ಎಂದು ನಕ್ಕು ಸುಮ್ಮನಾಗುತ್ತಿದ್ದರು. ಹೆದರಿಕೆಗೆ ಹೆಸರಿಟ್ಟುಬಿಟ್ಟರೆ ಅದು ನೆಂಟರ ಹಾಗೆ ಬಂದು ಹೋಗುತ್ತದೆ ಎಂದು ಪಾಪ ಎಲ್ಲರೂ ನಂಬಿದ್ದರು.

ಇನ್ನು ಹತ್ತೊಂಬತ್ತು ಗಾಜಿನ ಕಥೆ. ಎರಡು ವರ್ಷದ ಹಿಂದೆ ಒಬ್ಬ ಎಂಜಿನಿಯರ್ ಶಾಲೆ, ಆಸ್ಪತ್ರೆ, ಅಂಚೆ ಕಚೇರಿ, ಪಂಪ್‌ಹೌಸಿನ ಗೋಡೆಗಳಲ್ಲಿ ಬಿರುಕು ಹುಡುಕಿ, ಒಂದೊಂದು ಬಿರುಕಿನ ಮೇಲೂ ಅಡ್ಡಲಾಗಿ ಎರಡು ಬೆರಳಗಲದ, ಗೇಣುದ್ದದ ತೆಳು ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಪ್ಲಾಸ್ಟರ್ ಮೆತ್ತಿಸಿದ. ಒಂದರಿಂದ ಏಳನೇ ನಂಬರಿನ ತನಕ ಶಾಲೆಯಲ್ಲಿ, ಉಳಿದವು ಬೇರೆ ಕಡೆ. ಗಾಜು ಕತ್ತರಿಸಿ ಕೂರಿಸಿದವನು ಗಾಜಪ್ಪನೇ. ಯಾತಕ್ಕೆ ಎಂದು ಅವನು ಕೇಳಲಿಲ್ಲ, ಕೇಳಿದರೆ ದಡ್ಡನಂತೆ ಕಾಣುತ್ತೇನೆ ಎಂಬ ಬಿಂಕ. ಮರುವಾರವೇ ಆ ಎಂಜಿನಿಯರಿಗೆ ವರ್ಗವಾಯಿತು. ಒಂದು ಕಾಲು ಜೀಪಿನಲ್ಲಿ, ಒಂದು ಕಾಲು ನೆಲದಲ್ಲಿ ಇಟ್ಟುಕೊಂಡೇ ಒಂದು ದಪ್ಪ ಪುಸ್ತಕವನ್ನು ಗಾಜಪ್ಪನ ಕೈಗಿತ್ತು, "ಈ ಹತ್ತೊಂಬತ್ತು ಗಾಜು ನೋಡ್ಕೊಳಿ. ತಿಂಗಳಿಗೊಂದ್ಸಲ ಇದರಲ್ಲಿ ಬರೀರಿ" ಎಂದು ಹೇಳಿ ಹೊರಟುಹೋದ.

ಪುಸ್ತಕದಲ್ಲಿ ಗಾಜಿನ ನಂಬರು, ಜಾಗ, ಪಕ್ಕದಲ್ಲಿ ಒಂದು ಪ್ರಶ್ನೆ: ಗಾಜು ಸರಿಯಿದೆಯೇ? ಇದೆ ಅಥವಾ ಇಲ್ಲ ಎಂದು ಬರೆಯಬೇಕು.

ಗಾಜಪ್ಪ ನೋಡಿಕೊಂಡ. ಮಗು ನೋಡ್ಕೊಳಿ ಎಂದರೆ ಬಿದ್ದ ಮಗುವನ್ನು ಎತ್ತಬೇಕು, ಹಸಿದರೆ ಉಣ್ಣಿಸಬೇಕು. ಹಾಸಿಗೆ ಹಿಡಿದ ಅತ್ತೆಯನ್ನು ನೋಡ್ಕೊಳಿ ಎಂದರೆ ಬಾಗಿಲಲ್ಲಿ ನಿಂತು ಬರೀ ನೋಡುತ್ತಿರಿ ಎಂದು ಯಾರೂ ತಿಳಿಯುವುದಿಲ್ಲ. ಹಾಗೆಯೇ ಗಾಜು ಕೂಡ. ಒಡೆದದ್ದು ಕಂಡರೆ ಅವನು ಅಂದೇ ಕಿತ್ತು, ಹೊಸದು ಕತ್ತರಿಸಿ, ಪ್ಲಾಸ್ಟರ್ ಮೆತ್ತಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಥಳಥಳ ಮಾಡುತ್ತಿದ್ದ. ತಿಂಗಳ ಕೊನೆಗೆ ದುಂಡು ಅಕ್ಷರದಲ್ಲಿ ಹತ್ತೊಂಬತ್ತು ಸಲ 'ಇದೆ' ಎಂದು ಬರೆದು ಪುಸ್ತಕವನ್ನು ಕಚೇರಿಗೆ ಒಯ್ಯುತ್ತಿದ್ದ. ಇಪ್ಪತ್ಮೂರು ತಿಂಗಳಲ್ಲಿ ಒಂದೂ 'ಇಲ್ಲ' ಬರೆದವನಲ್ಲ. ಅದು ಅವನಿಗೆ ದೊಡ್ಡ ಹೆಮ್ಮೆ.

ಕಿತ್ತ ಚೂರುಗಳನ್ನು ಎಲ್ಲೆಂದರಲ್ಲಿ ಎಸೆಯುವಂತಿರಲಿಲ್ಲ. ಹೆಂಡತಿ ಆಸ್ಪತ್ರೆಯಲ್ಲಿ ಗಾಯಕ್ಕೆ ಬ್ಯಾಂಡೇಜು ಸುತ್ತುವವಳು. "ಸುತ್ತದೆ ಬಿಸಾಡಿದ ಗಾಜಿಂದ ಎಷ್ಟು ಜನರ ಕೈ ಹೊಲಿದಿದೀವಿ ಗೊತ್ತಾ ನಿಮಗೆ? ಪೇಪರಲ್ಲಿ ಸುತ್ತಿ ಡ್ರಮ್ಮಿಗೆ ಹಾಕಿ" ಎಂದು ಮದುವೆಯಾದ ಹೊಸದರಲ್ಲೇ ಕಟ್ಟಪ್ಪಣೆ ಮಾಡಿದ್ದಳು. ಅವನು ಅಂದಂದಿನ ದಿನಪತ್ರಿಕೆಯಲ್ಲಿ ಚೂರುಗಳನ್ನು ಸುತ್ತಿ, ಹಿತ್ತಲಿನ ತಗಡಿನ ಡ್ರಮ್ಮಿಗೆ ಹಾಕುತ್ತಿದ್ದ. ಡ್ರಮ್ಮು ಮೊದಲ ವರ್ಷ ಕಾಲು ಭಾಗ ಕೂಡ ತುಂಬಿರಲಿಲ್ಲ. ಈಗ ಮುಚ್ಚಳ ಕೂರುತ್ತಿರಲಿಲ್ಲ.

ಇಷ್ಟು ಗಾಜು ಯಾಕೆ ಒಡೆಯುತ್ತಿದೆ ಎಂದು ಅವನು ಯೋಚಿಸಲಿಲ್ಲ ಎಂದಲ್ಲ. ಯೋಚಿಸಿ, ತಪ್ಪು ಯಾರದೆಂದು ತೀರ್ಮಾನವನ್ನೂ ಮಾಡಿಬಿಟ್ಟಿದ್ದ. ಅವನ ಮಗಳು ಅದೇ ಶಾಲೆಯಲ್ಲಿ ಒಂದನೇ ತರಗತಿಯ ಟೀಚರ್, ಅಳಿಯ ಅಲ್ಲೇ ಆಟದ ಮೇಷ್ಟ್ರು. ಆಟದ ಮೇಷ್ಟ್ರು ಎಂದರೆ ಚೆಂಡು, ಚೆಂಡು ಎಂದರೆ ಒಡೆದ ಗಾಜು. ಹನ್ನೆರಡು ವರ್ಷದ ಅನುಭವ ಅವನಿಗೆ ಬೇರೇನೂ ಕಲಿಸಿರಲಿಲ್ಲ.

ಒಂದು ಭಾನುವಾರ ಮಗಳು ಅಳಿಯ ಊಟಕ್ಕೆ ಬಂದಿದ್ದರು. ತಟ್ಟೆ ಹಾಕುವ ಮೊದಲೇ ಗಾಜಪ್ಪ ಶುರುಮಾಡಿದ.

"ಏಳನೇ ನಂಬರು ಈ ತಿಂಗಳು ನಾಕನೇ ಸಲ. ಮಕ್ಕಳಿಗೆ ಚೆಂಡು ಕೊಡಬೇಡಿ ಅಂತ ನಾನು ಬಾಯಿ ಬಡ್ಕೊಂಡಿದ್ದೇ ಬಂತು."

ಅಳಿಯ ತಾಳ್ಮೆಯ ಮನುಷ್ಯ. ಕೈ ತೊಳೆದು ಬಂದು ಕೂತ. "ಮಾವ, ನಿಮ್ಮ ಕಾಟಕ್ಕೆ ಚೆಂಡನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಜಡಿದು ತಿಂಗಳ ಮೇಲಾಯ್ತು. ಮಕ್ಕಳು ಬರೀ ಕುಂಟಾಬಿಲ್ಲೆ ಆಡ್ತಿದಾರೆ. ಬಿಲ್ಲೆ ಹಾರಿ ಹೋಗಿ ಒಡೀತು ಅಂತೀರಾ?"

"ಅದೂ ಅಲ್ದೆ ಏಳನೇದು ಇರೋದು ಎಲ್ಲಿ ಹೇಳು, ಅಪ್ಪ?" ಮಗಳು ಹೇಳಿದಳು. "ಮೆಟ್ಟಿಲ ಗೋಡೆ ಮೇಲೆ, ಛಾವಣಿ ಹತ್ರ. ಒಳಗಡೆ. ನನ್ನ ತಲೆ ಮೇಲೇ ಇರೋದು ಅದು. ಅಲ್ಲಿಗೆ ಚೆಂಡು ಹೇಗೆ ಬರುತ್ತೆ?"

ಮಗಳ ತರಗತಿ ಮೆಟ್ಟಿಲ ಗೋಡೆಗೆ ಅಂಟಿಕೊಂಡೇ ಇತ್ತು. ಮಾತಿನಲ್ಲಿ ಸೋತಾಗಲೆಲ್ಲ ಮಾಡುವುದನ್ನೇ ಗಾಜಪ್ಪ ಮಾಡಿದ, ಬಡಿಸಿದ ಸಾರಿಗೆ ಉಪ್ಪು ಕಡಿಮೆ ಎಂದ. ಹೆಂಡತಿ ಉಪ್ಪಿನ ಡಬ್ಬಿಯನ್ನು ಕುಕ್ಕಿ ಹೋದಳು. ಅಷ್ಟರಲ್ಲಿ ಲೋಟಗಳು ಕಿಣಿಕಿಣಿ ಎಂದವು. "ಕೆಳಮನೆಯವರದ್ದೂ ಊಟ ಆಯ್ತು ಅನ್ಸುತ್ತೆ" ಎಂದು ಅಳಿಯ ನಕ್ಕ. ಎಲ್ಲರೂ ನಕ್ಕರು. ಗಾಜಪ್ಪ ಮಾತ್ರ ಎದ್ದು ಹೋಗಿ ಲೋಟಗಳನ್ನು ಒಂದಕ್ಕೊಂದು ತಾಗದಂತೆ ದೂರ ದೂರ ಇಟ್ಟು ಬಂದ.

ಮರುದಿನ ಸೋಮವಾರ ಸೂಜಿ ಮೇಡಂ ಶಾಲೆಗೆ ಬಂದರು. ಅಣೆಕಟ್ಟಿನ ಪಕ್ಕದ ಒಂದು ಕೋಣೆಯಲ್ಲಿ ನೆಲದ ನಡುಕವನ್ನು ಅಳೆಯುವ ಯಂತ್ರವಿತ್ತು. ಅದರ ಸೂಜಿ ಕಾಗದದ ಮೇಲೆ ಎಳೆಯುವ ಗೆರೆಗಳನ್ನು ಓದುವುದು ಆಕೆಯ ಕೆಲಸ. ಊರಿನಲ್ಲಿ ಆಕೆಯನ್ನು ಕಂಡರೆ ಜನ, "ಮೇಡಂ, ಕೆಳಮನೆಯವರು ಹೇಗಿದಾರೆ" ಎಂದು ಕೇಳುತ್ತಿದ್ದರು. ಆಕೆ ನಗುತ್ತಿರಲಿಲ್ಲ. ಹೀಗಾಗಿ ಆಕೆಗೆ ಜಂಬ ಎಂದು ಊರು ನಿರ್ಧರಿಸಿತ್ತು.

"ನಿಮ್ಮ ಗಾಜುಗಳನ್ನ ಒಂದ್ಸಲ ನೋಡಬೇಕಿತ್ತು" ಎಂದರು ಮೇಡಂ.

ಇಷ್ಟು ದಿನದಲ್ಲಿ ತನ್ನ ಗಾಜು ನೋಡಲು ಒಬ್ಬರಾದರೂ ಬಂದರಲ್ಲ ಎಂದು ಗಾಜಪ್ಪ ಹಿಗ್ಗಿದ. ಏಣಿ ತಂದು ಮೆಟ್ಟಿಲ ಗೋಡೆಗೆ ಆನಿಸಿ, ತಾನೇ ಹಿಡಿದು ನಿಂತ. ಮೇಡಂ ಹತ್ತಿ, ಏಳನೇ ನಂಬರನ್ನು ತುಂಬ ಹೊತ್ತು ನೋಡಿದರು. ಹೆಬ್ಬೆರಳ ಉಗುರಿನಿಂದ ಪ್ಲಾಸ್ಟರನ್ನು ಕೆರೆದರು.

"ಎರಡು ವರ್ಷದ ಹಿಂದೆ ಹಾಕಿದ್ದಲ್ವಾ ಇದು? ಇಷ್ಟು ಬೆಳ್ಳಗಿದೆಯಲ್ಲ."

"ಹೋದ ಗುರುವಾರ ಹೊಸದು ಹಾಕಿದೆ ಮೇಡಂ. ಹಳೇದು ಒಡೆದಿತ್ತು."

ಮೇಡಂ ಏಣಿಯ ಮೇಲೆಯೇ ತಿರುಗಿ ಕೆಳಗೆ ನೋಡಿದರು. "ಬೇರೆಯವು?"

"ಯಾವುದೂ ಒಡೆದಿದ್ದು ಬಿಟ್ಟಿಲ್ಲ. ಬೇಕಾದ್ರೆ ಹತ್ತೊಂಬತ್ತೂ ನೋಡಿ. ಒಂದು ಗೀರು ಸಿಕ್ಕಿದ್ರೆ ಹೇಳಿ."

ಆಕೆ ಒಂದೊಂದೇ ಮೆಟ್ಟಿಲು ಇಳಿದು ಬಂದು ಏಣಿಯ ಕೊನೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮುಖದಲ್ಲಿ ರಕ್ತವೇ ಇರಲಿಲ್ಲ. ಗಾಜಪ್ಪನಿಗೆ ಆಕೆ ತಲೆ ಸುತ್ತಿ ಬೀಳುತ್ತಾರೇನೋ ಎನಿಸಿ, ನೀರು ತರಲೇ ಎಂದ.

"ಒಡೆಯೋದೇ ಅದರ ಕೆಲಸ" ಎಂದರು ಮೇಡಂ. ಕೋಪವಿರಲಿಲ್ಲ, ಅದೇ ಅವನಿಗೆ ಹೆಚ್ಚು ಹೆದರಿಕೆಯಾದದ್ದು. "ಗೋಡೆ ಕೂದಲೆಳೆಯಷ್ಟು ಸರಿದ್ರೂ ನಮ್ಮ ಕಣ್ಣಿಗೆ ಕಾಣಲ್ಲ. ಗಾಜು ಹಿಗ್ಗಲ್ಲ, ಬಗ್ಗಲ್ಲ, ಒಡೆದುಬಿಡುತ್ತೆ. ಅದು ಒಡೀತು ಅಂದ್ರೆ ಗೋಡೆ ಸರೀತಿದೆ ಅಂತ. ಇದಕ್ಕೆ ಸಾಕ್ಷಿ ಗಾಜು ಅಂತಾರೆ. ಇದು ಸಾಕ್ಷಿ ಹೇಳಿದಾಗಲೆಲ್ಲ ನೀವು ಹೊಸ ಸಾಕ್ಷಿ ತಂದು ನಿಲ್ಲಿಸಿದೀರಿ."

"ನೋಡ್ಕೊಳಿ ಅಂದ್ರು" ಎಂದ ಗಾಜಪ್ಪ. "ನೋಡ್ಕೊಂಡೆ."

ಮೇಡಂ ಆ ಮಾತನ್ನು ಮನಸ್ಸಿನಲ್ಲೇ ಎರಡು ಸಲ ತಿರುವಿ ಹಾಕಿದಂತೆ ಕಂಡಿತು. ಆಮೇಲೆ ನಿಧಾನವಾಗಿ ತಿಳಿಸಿ ಹೇಳಿದರು. ಅಷ್ಟು ನೀರಿನ ಭಾರ ನೆಲದ ಮೇಲೆ ಕೂತಿದೆ. ಭಾರದ ಜೊತೆಗೆ ನೀರು ಬಂಡೆಯ ಸೀಳುಗಳಿಗೂ ಇಳಿದು, ಬಿಗಿಯಾಗಿ ಹಿಡಿದಿದ್ದ ಬಂಡೆಗಳ ಹಿಡಿತ ಸಡಿಲಿಸುತ್ತದೆ. ಆಗ ನೆಲ ಜಾರುತ್ತದೆ. ಆರು ತಿಂಗಳಿಂದ ಆಕೆಯ ಸೂಜಿ ಒಂದೇ ಸಮ ಗೀಚುತ್ತಿದೆ. ನೀರು ಇಳಿಸಿ ಎಂದು ಮೂರು ಸಲ ಬರೆದು ಕೊಟ್ಟರೂ ಕಚೇರಿಯವರು ಗಾಜಪ್ಪನ ಪುಸ್ತಕ ತೆಗೆದು ತೋರಿಸಿದ್ದರು. ಯಂತ್ರ ಏನಾದರೂ ಗೀಚಲಿ, ಒಂದು ಕಟ್ಟಡದ ಗಾಜೂ ಒಡೆದಿಲ್ಲವಲ್ಲ ಎಂದಿದ್ದರು. ಆ ಪುಸ್ತಕದ ಧೈರ್ಯದ ಮೇಲೆಯೇ ಹೋದ ವಾರ ಗೇಟು ಮುಚ್ಚಿ, ನೀರನ್ನು ಇನ್ನೂ ಮೂರು ಮೀಟರ್ ಏರಿಸುತ್ತಿದ್ದರು.

ಗೋಡೆಯ ಆಚೆ ಮಗಳ ತರಗತಿಯಲ್ಲಿ ಮಕ್ಕಳು ಒಟ್ಟಾಗಿ ಮಗ್ಗಿ ಹೇಳುತ್ತಿದ್ದರು. ಗಾಜಪ್ಪ ಆ ಗೋಡೆಯ ಕಡೆ ತಿರುಗಿದ. ಮೂವತ್ನಾಲ್ಕು ಮಕ್ಕಳು, ಒಬ್ಬಳು ಮಗಳು, ಅವರ ತಲೆಯ ಮೇಲೆ ತಾನು ನಾಲ್ಕು ಸಲ ಒರೆಸಿ ಥಳಥಳ ಮಾಡಿದ ಗಾಜು.

"ಯಾವ ಗಾಜು ಯಾವತ್ತು ಒಡೀತು ಅಂತ ಬರೆದಿಟ್ಟಿದೀರಾ?" ಮೇಡಂ ಕೇಳಿದರು.

"ಇಲ್ಲ."

"ಹಾಗಾದ್ರೆ ಯಾರೂ ನಂಬಲ್ಲ."

ಗಾಜಪ್ಪ ತಲೆ ಕೆರೆದುಕೊಂಡ. "ಬರೆದಿಟ್ಟಿಲ್ಲ ಮೇಡಂ. ಆದ್ರೆ ಸುತ್ತಿಟ್ಟಿದೀನಿ."

ಅರ್ಧ ಗಂಟೆಯಲ್ಲಿ ಅವರಿಬ್ಬರೂ ಅವನ ಹಿತ್ತಲಿನಲ್ಲಿದ್ದರು. ಡ್ರಮ್ಮನ್ನು ಉರುಳಿಸಿ, ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚಿ ಚಾಪೆಯ ಮೇಲೆ ಹರಡಿದರು. ಪ್ರತಿ ಪೊಟ್ಟಣದ ಪತ್ರಿಕೆಯ ಮೇಲೂ ತಾರೀಕಿತ್ತು. ಚೂರುಗಳ ತುದಿಯಲ್ಲಿ ಗೋಡೆಯ ಬಣ್ಣ ಪ್ಲಾಸ್ಟರಿನ ಜೊತೆ ಎದ್ದು ಬಂದಿತ್ತು. ನೀಲಿ ಶಾಲೆಯದು, ಹಳದಿ ಆಸ್ಪತ್ರೆಯದು, ಬೂದಿ ಬಣ್ಣ ಪಂಪ್‌ಹೌಸಿನದು. ಮೇಡಂ ಚೀಲದಿಂದ ತನ್ನ ಉದ್ದನೆಯ ಕಾಗದದ ಸುರುಳಿ ತೆಗೆದು, ತಾರೀಕಿಗೆ ತಾರೀಕು ಜೋಡಿಸುತ್ತ ಹೋದರು. ಸೂಜಿ ಗೀಚಿದ ಮರುದಿನವೋ ಅದರ ಮಾರನೆಯ ದಿನವೋ ಒಂದು ಪೊಟ್ಟಣ ಇದ್ದೇ ಇರುತ್ತಿತ್ತು. ಮೊದಲ ವರ್ಷ ಮೂರು ತಿಂಗಳಿಗೊಂದು. ಆಮೇಲೆ ತಿಂಗಳಿಗೆ ಎರಡು. ಹೋದ ತಿಂಗಳು ಹನ್ನೊಂದು, ಅದರಲ್ಲಿ ಎಂಟು ನೀಲಿ.

ಕೆಲಸ ಮುಗಿಸಿ ಬಂದ ಹೆಂಡತಿ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳು. ಮೇಡಂ ಎರಡೇ ಮಾತಿನಲ್ಲಿ ವಿಷಯ ಹೇಳಿದರು. "ನೀಲಿ ಅಂದ್ರೆ ಶಾಲೆ ಅಲ್ವಾ?" ಎಂದಳು. ಗಾಜಪ್ಪ ನೀಲಿ ಚೂರುಗಳನ್ನು ಒಂದು ಕಡೆ ಒಟ್ಟುತ್ತಲೇ ಇದ್ದ. ಅವನಿಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಭಯವಾಗಿತ್ತು.

ಸಂಜೆ ಕಚೇರಿ ಮುಚ್ಚುವ ಮೊದಲು ಗಾಜಪ್ಪ, ಮೇಡಂ ಇಬ್ಬರೂ ದೊಡ್ಡ ಸಾಹೇಬರ ಮುಂದೆ ನಿಂತರು. ಮೇಜಿನ ಮೇಲೆ ಗಾಜಪ್ಪನೇ ಅಳತೆಗೆ ಕತ್ತರಿಸಿ ಹಾಸಿದ ದಪ್ಪ ಗಾಜು, ಅದರ ಕೆಳಗೆ ಅಣೆಕಟ್ಟಿನ ನಕ್ಷೆ. ಸಾಹೇಬರು ಕೆಟ್ಟವರಲ್ಲ. ಯಾವ ಕಾಗದದ ಹಿಂದೆ ಯಾವ ಕಾಗದ ಬರಬೇಕು ಎಂಬುದರಲ್ಲೇ ಕೂದಲು ನರೆಸಿಕೊಂಡ ಮನುಷ್ಯ, ಅಷ್ಟೆ. ಮೇಡಂ ಹೇಳಿದ್ದನ್ನೆಲ್ಲ ಕೇಳಿದರು. ಆಮೇಲೆ ಗಾಜಪ್ಪನ ಪುಸ್ತಕ ತರಿಸಿ, ಹಾಳೆ ಮಗುಚಿದರು.

"ಇದೆ, ಇದೆ, ಇದೆ. ನಾನೂರ ಮೂವತ್ತೇಳು ಸಲ ಇದೆ ಅಂತ ಬರೆದಿದೀರಿ. ಈಗ ಇಲ್ಲ ಅಂತೀರಿ. ಇದನ್ನ ನಾನು ಮೇಲಕ್ಕೆ ಕಳಿಸಿದ್ರೆ ಮೊದಲು ಬರೋದು ನಿಮ್ಮ ಕುತ್ತಿಗೆಗೆ. ಗೊತ್ತಾ?"

"ಗೊತ್ತು ಸಾರ್. ಕಾಗದ ಕೊಡಿ."

ಅವನು ನಿಂತುಕೊಂಡೇ ಬರೆದ. ಗಾಜು ಒಡೆದಿತ್ತು, ನಾನೇ ಬದಲಿಸಿದೆ, ಒಡೆದಿಲ್ಲ ಎಂದು ನಾನೇ ಬರೆದೆ. ಸಹಿ ಮಾಡಿ ಪೆನ್ನು ಕೆಳಗಿಟ್ಟು ಕೇಳಿದ, "ನಾಳೆ ಶಾಲೆ ಮುಚ್ಚಿಸ್ತೀರಾ ಸಾರ್?"

"ಶಾಲೆ ನಮ್ಮ ಕೈಲಿಲ್ಲ, ಅದಕ್ಕೆ ಬೇರೆ ಇಲಾಖೆ. ಗೇಟು ತೆಗೆಯೋಕೂ ಮೇಲಿಂದ ಆರ್ಡರ್ ಬರಬೇಕು." ಸಾಹೇಬರು ಕಾಗದವನ್ನು ಒಂದು ಕಡತದೊಳಗಿಟ್ಟು, ಕಡತಕ್ಕೆ ದಾರ ಕಟ್ಟಿದರು. "ನೀವು ತಲೆ ಕೆಡಿಸ್ಕೋಬೇಡಿ. ನಾವು ನೋಡ್ಕೋತೀವಿ."

ಆ ಮಾತು ಕೇಳಿ ಗಾಜಪ್ಪ ದಾರ ಕಟ್ಟಿದ ಕಡತವನ್ನೇ ನೋಡಿದ. ನೋಡಿಕೊಳ್ಳುವುದು ಎಂದರೆ ಏನೇನು ಆಗಬಹುದು ಎಂದು ಈ ಊರಿನಲ್ಲಿ ಅವನಿಗಿಂತ ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ.

ಮಗಳನ್ನು ಮನೆಯಲ್ಲೇ ಇರಿಸಿಕೊಳ್ಳಬಹುದಿತ್ತು. ಆ ಸಂಜೆ ಅವಳ ಮನೆಗೆ ಹೋಗಿ ಹೇಳಿಯೂ ಹೇಳಿದ. ಅವಳು ಎಲ್ಲವನ್ನೂ ಕೇಳಿ, "ನಾನು ರಜ ಹಾಕಿದ್ರೆ ಮಕ್ಕಳು ಅದೇ ಕೋಣೇಲಿ ಬೇರೆ ಟೀಚರ್ ಹತ್ರ ಕೂರ್ತಾರೆ, ಅಷ್ಟೇ ಅಲ್ವಾ" ಎಂದಳು.

ಮರುದಿನ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಅವನು ಶಾಲೆಯಲ್ಲಿದ್ದ. ಯಾರನ್ನೂ ಕೇಳದೆ ಮೆಟ್ಟಿಲ ಗೋಡೆಗೆ ಏಣಿ ಹಾಕಿ, ಅದರ ನಡುವಿನ ಮೆಟ್ಟಿಲ ಮೇಲೆ ಕೂತು, ಏಳನೇ ನಂಬರಿನ ಮೇಲೆ ಕಣ್ಣಿಟ್ಟ. ಎರಡು ವರ್ಷದಲ್ಲಿ ಮೊದಲ ಸಲ ಅವನು ಗಾಜನ್ನು ನೋಡಿಕೊಳ್ಳುತ್ತಿರಲಿಲ್ಲ, ನೋಡುತ್ತಿದ್ದ. ಅದು ಇಷ್ಟು ಕಷ್ಟದ ಕೆಲಸ ಎಂದು ಅವನಿಗೆ ಗೊತ್ತಿರಲಿಲ್ಲ. ಕಣ್ಣು ಉರಿಯುತ್ತಿತ್ತು, ಕಾಲು ಜೋಮು ಹಿಡಿಯುತ್ತಿತ್ತು. ಮೆಟ್ಟಿಲು ಹತ್ತಿ ಇಳಿಯುವ ಮಕ್ಕಳು ಅವನನ್ನು ಕಂಡು ಕಿಸಕ್ಕನೆ ನಗುತ್ತಿದ್ದರು. ಹೆಡ್‌ಮಿಸ್ಟ್ರೆಸ್ ಬಂದು, "ಏನ್ರೀ ಗಾಜಪ್ಪ, ಅಲ್ಲೇನು ಸಿನಿಮಾ ಬರ್ತಿದೆಯಾ?" ಎಂದರು. ಬರಬಹುದು ಎಂದ ಗಾಜಪ್ಪ, ಕಣ್ಣು ತೆಗೆಯದೆ. ಅಳಿಯನನ್ನು ಕರೆಸಿ ಒಂದೇ ಮಾತು ಹೇಳಿದ. "ಸೀಟಿ ಕೊರಳಲ್ಲೇ ಇರಲಿ."

ಹನ್ನೊಂದೂ ಕಾಲಿಗೆ ಟಿಕ್ ಎಂದಿತು.

ನೆಲ ಗುಡುಗಲಿಲ್ಲ, ಕೆಳಮನೆಯವರು ಏನನ್ನೂ ಎಳೆಯಲಿಲ್ಲ. ಗಾಜಿನ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಮೂಡಿತು, ಅಷ್ಟೆ. ಗಾಜಪ್ಪನ ಕೈ ತಾನೇ ತಾನಾಗಿ ಜೇಬಿನಲ್ಲಿದ್ದ ಪ್ಲಾಸ್ಟರ್ ಕೆರೆಯುವ ಚೂರಿಗೆ ಹೋಯಿತು. ಹನ್ನೆರಡು ವರ್ಷದ ಕೈ, ಅದಕ್ಕೇನು ಗೊತ್ತು. ಅವನು ಕೈಯನ್ನು ಹೊರಗೆಳೆದುಕೊಂಡ. ಅವನು ನೋಡುತ್ತಿದ್ದ ಹಾಗೆಯೇ ಗೆರೆ ಅಗಲವಾಯಿತು. ಗಾಜಿನ ಎರಡು ಅಂಚುಗಳ ನಡುವೆ ಉಗುರು ತೂರುವಷ್ಟು ಸಂದಿಯಾಯಿತು.

"ಸೀಟಿ ಊದಪ್ಪ" ಎಂದ. ಅಳಿಯ ಏಣಿಯ ಬುಡದಲ್ಲಿ ಕಾದೇ ನಿಂತಿದ್ದ.

ಐದು ನಿಮಿಷದಲ್ಲಿ ಇಡೀ ಶಾಲೆ ಮೈದಾನದಲ್ಲಿತ್ತು. ಮಗಳು ಒಂದನೇ ತರಗತಿಯನ್ನು ಕೈ ಕೈ ಹಿಡಿಸಿ ಸಾಲಾಗಿ ಕರೆತಂದಳು. ಮಕ್ಕಳಿಗೆ ಅಕಾಲದಲ್ಲಿ ಆಟದ ಪೀರಿಯಡ್ಡು ಸಿಕ್ಕ ಸಂತೋಷ. ಹತ್ತು ನಿಮಿಷ ಕಳೆಯಿತು, ಇಪ್ಪತ್ತಾಯಿತು. ಏನೂ ಆಗಲಿಲ್ಲ. ಬಿಸಿಲು ಏರಿತು, ಚಿಕ್ಕವರು ನೀರು ಕೇಳಿದರು, ದೊಡ್ಡ ತರಗತಿಯವರು ಗಾಜಪ್ಪನನ್ನು ಅಣಕಿಸತೊಡಗಿದರು. ಹೆಡ್‌ಮಿಸ್ಟ್ರೆಸ್ ಕಚೇರಿಗೆ ಫೋನು ಮಾಡಿ ಬಂದರು.

"ಸಾಹೇಬರು ಯಾರನ್ನಾದ್ರೂ ಕಳಿಸ್ತಾರಂತೆ, ಅಲ್ಲೀತನಕ ಗಾಬರಿ ಮಾಡ್ಬೇಡಿ ಅಂದ್ರು. ಒಂದು ಕೆಲಸ ಮಾಡಿ ಗಾಜಪ್ಪ, ಮಾಮೂಲಿ ಹಾಗೆ ಒಂದು ಹೊಸ ಗಾಜು ಹಾಕಿಬಿಡಿ. ಸರಿಯಾಗುತ್ತೆ. ಮಕ್ಕಳು ಬಿಸಿಲಲ್ಲಿ ಬಾಡ್ತಿದಾರೆ."

ಮಗಳು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು. "ಅಪ್ಪ, ನಿಜ ಹೇಳು. ನಿಂಗೆ ಖಾತ್ರಿ ಇದೆಯಾ?"

"ಇಲ್ಲ ಮಗಳೇ. ಇಷ್ಟು ದಿನ ಖಾತ್ರಿ ಇತ್ತು, ಅದೇ ತಪ್ಪಾಗಿದ್ದು."

ಹಿಂದಿನ ಸಂಜೆ ಕಚೇರಿಯಿಂದ ಕೇಳಿ ತಂದು ಏಣಿಯ ಬಳಿ ಇಟ್ಟುಕೊಂಡಿದ್ದ ಪುಸ್ತಕವನ್ನು ಅವನು ಹೊರಗೆ ಬರುವಾಗ ಕಂಕುಳಲ್ಲಿ ಇರುಕಿಕೊಂಡು ಬಂದಿದ್ದ. ಮೊಣಕಾಲ ಮೇಲೆ ಬಿಚ್ಚಿಟ್ಟು, ಏಳನೇ ನಂಬರಿನ ಎದುರು, ಅದೇ ದುಂಡು ಅಕ್ಷರದಲ್ಲಿ, ಮೊದಲ ಸಲ 'ಇಲ್ಲ' ಎಂದು ಬರೆದ. ಪುಸ್ತಕವನ್ನೂ ಪೆನ್ನನ್ನೂ ಹೆಡ್‌ಮಿಸ್ಟ್ರೆಸ್ ಕೈಗೆ ಕೊಟ್ಟ.

"ಇದರ ಕೆಳಗೆ ನಿಮ್ಮ ಸಹಿ ಹಾಕಿ ಮೇಡಂ, ಆಮೇಲೆ ಮಕ್ಕಳನ್ನ ಒಳಗೆ ಕರ್ಕೊಂಡು ಹೋಗಿ. ನಾನು ಅಡ್ಡ ಬರಲ್ಲ."

ಹೆಡ್‌ಮಿಸ್ಟ್ರೆಸ್ ಪೆನ್ನು ಹಿಡಿದರು. 'ಇಲ್ಲ' ಎಂಬ ಆ ಪುಟ್ಟ ಪದವನ್ನು ನೋಡಿದರು, ಶಾಲೆಯ ಕಡೆ ನೋಡಿದರು, ಮತ್ತೆ ಪದವನ್ನು ನೋಡಿದರು. ಸಹಿ ಹಾಕುವುದು ಎಂದರೆ ಯಾರಿಗಾದರೂ ಕೈ ಹಿಂಜರಿಯುತ್ತದೆ. ಆ ಹಿಂಜರಿಕೆಯ ಪುಣ್ಯ ದೊಡ್ಡದು. ಪೆನ್ನು ಅವರ ಕೈಯಲ್ಲಿದ್ದಾಗಲೇ ಕಾಲ ಕೆಳಗಿನ ನೆಲ ಸರಿಯಿತು.

ಈ ಸಲ ಮಂಚವಲ್ಲ, ಬೀರುವಲ್ಲ, ಕೆಳಗಿನವರು ಇಡೀ ಮನೆಯನ್ನೇ ಹಿಡಿದು ಎಳೆದಂತಿತ್ತು. ನಿಂತವರೆಲ್ಲ ಕೂತರು, ಕೂತವರು ಹುಲ್ಲು ಹಿಡಿದುಕೊಂಡರು. ಹನ್ನೆರಡು ವರ್ಷದಲ್ಲಿ ಗಾಜಪ್ಪ ಕೂರಿಸಿದ ಕಿಟಕಿಗಳೆಲ್ಲ ಒಟ್ಟಿಗೆ ಒಡೆದು ಉದುರಿದವು. ಅದರ ಹಿಂದೆಯೇ ಮೆಟ್ಟಿಲ ಗೋಡೆ ಬಾಗಿ, ಒಂದು ಕ್ಷಣ ಯೋಚಿಸಿದ ಹಾಗೆ ನಿಂತು, ಒಂದನೇ ತರಗತಿಯ ಮೇಲೆ ಬಿತ್ತು. ಧೂಳಿನಲ್ಲಿ ಶಾಲೆಯೇ ಕಾಣದಾಯಿತು. ಮಕ್ಕಳ ಅಳುವಿನ ನಡುವೆ ಮಗಳು ಎಣಿಸುತ್ತಿದ್ದ ದನಿ ಕೇಳಿಸುತ್ತಿತ್ತು. ಮೂವತ್ನಾಲ್ಕು. ಮತ್ತೆ ಎಣಿಸಿದಳು, ಮೂವತ್ನಾಲ್ಕು. ಮೂರನೆಯ ಸಲವೂ ಎಣಿಸಿ, ಅಪ್ಪನ ಪಕ್ಕ ಕುಸಿದು ಕೂತಳು. ಗಾಜಪ್ಪ ಮಗಳ ತಲೆಯನ್ನು ಎದೆಗೊತ್ತಿಕೊಂಡು ಮಗುವಿನಂತೆ ಅತ್ತ.

ಮೊದಲು ಬಂದವಳು ಹೆಂಡತಿ. ಆಸ್ಪತ್ರೆಯ ಹಳದಿ ಗೋಡೆ ಸೀಳಿದೆ, ಆದರೆ ನಿಂತಿದೆ, ರೋಗಿಗಳನ್ನೆಲ್ಲ ಹೊರಗೆ ಮಲಗಿಸಿದ್ದೇವೆ ಎಂದಳು. ಆಮೇಲೆ ಸೂಜಿ ಮೇಡಂ ಬಂದರು, ಅವರ ಹಿಂದೆ ಜೀಪಿನಲ್ಲಿ ಸಾಹೇಬರು. ಸಾಹೇಬರ ಕೈಯಲ್ಲಿ ಕಡತವಿರಲಿಲ್ಲ.

"ಆರ್ಡರ್ ಕಾಯದೆ ಗೇಟು ತೆಗೆಸಿದೀನಿ" ಎಂದರು, ಯಾರ ಮುಖವನ್ನೂ ನೋಡದೆ. "ನೀರನ್ನ ದಿಢೀರಂತ ಇಳಿಸೋ ಹಾಗಿಲ್ಲ. ಹನ್ನೊಂದು ದಿನ ಬೇಕು."

ಅವರು ಅತ್ತ ಹೋದ ಮೇಲೆ ಗಾಜಪ್ಪ ಮೇಡಂ ಹತ್ತಿರ ಹೋಗಿ ಕೇಳಿದ. "ಇದೇನಾ ಮೇಡಂ ದೊಡ್ಡದು? ಮುಗೀತಾ?"

ಮೇಡಂ ಜಲಾಶಯದ ಕಡೆ ನೋಡಿದರು. ನೀರು ಏನೂ ಆಗದಂತೆ, ತುಂಬಿ, ಹೊಳೆಯುತ್ತ ಕೂತಿತ್ತು. "ಗೊತ್ತಿಲ್ಲ. ಇದು ಸಣ್ಣದಾ ದೊಡ್ಡದಾ ಅಂತ ಮುಂದಿನದು ಬಂ‌ದ್ರೇ ಗೊತ್ತಾಗೋದು."

ಮಧ್ಯಾಹ್ನ ಗಾಜಪ್ಪನ ಮನೆಯ ಮುಂದೆ ಸಾಲು ನಿಂತಿತು. ಎಲ್ಲ ಮನೆಯಲ್ಲೂ ಒಂದೊಂದು ಬಿರುಕು, ಎಲ್ಲರಿಗೂ ಒಂದೊಂದು ಪಟ್ಟಿ ಗಾಜು ಬೇಕು. ಬಯಲಲ್ಲಿ ಮಲಗುವುದು ಸೈ, ಆದರೆ ಮನೆಯೊಳಗೆ ಕಾಲಿಡದೆ ಹನ್ನೊಂದು ದಿನ ಕಳೆಯುವುದು ಹೇಗೆ. ಅವನು ವಜ್ರದ ಮೊನೆಯಿಂದ ಸರ್ರನೆ ಗೀರಿ, ಮುರಿದು, ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಕೊಟ್ಟ. ಅಳಿಯ ಮನೆಮನೆಗೆ ಹೋಗಿ ಪ್ಲಾಸ್ಟರ್ ಮೆತ್ತಿ ಬಂದ. ಕೊಡುವಾಗ ಪ್ರತಿಯೊಬ್ಬರಿಗೂ ಗಾಜಪ್ಪ ಒಂದೇ ಮಾತು ಹೇಳಿದ.

"ನೋಡ್ಕೋಬೇಡಿ. ನೋಡಿ. ಒಡೆದ್ರೆ ಮುಟ್ಟೋಕೆ ಹೋಗ್ಬೇಡಿ, ಹೊರಗೆ ಬನ್ನಿ."

ಯಾರೂ ನಗಲಿಲ್ಲ. ಕೆಳಮನೆಯವರ ಮಾತನ್ನೂ ಯಾರೂ ಎತ್ತಲಿಲ್ಲ.

ಕೊನೆಯ ಪಟ್ಟಿ ತನ್ನ ಮನೆಗೆ. ಅಡುಗೆಮನೆಯ ಬಾಗಿಲ ಮೇಲೆ ಬೆಳಿಗ್ಗೆ ಇಲ್ಲದ ಒಂದು ಬಿರುಕಿತ್ತು. ಹೆಂಡತಿ ಏಣಿ ಹಿಡಿದಳು, ಅವನು ಅಡ್ಡಲಾಗಿ ಗಾಜಿಟ್ಟು ಎರಡೂ ತುದಿ ಮೆತ್ತಿ, ಕೆಳಗಿಳಿದು ಅಲ್ಲೇ ಗೋಡೆಗೊರಗಿ ಕೂತ. ಪ್ಲಾಸ್ಟರ್ ಗಟ್ಟಿಯಾಗಲು ಹತ್ತು ನಿಮಿಷ ಬೇಕು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ ಎಂದು ಹೆಂಡತಿಗೆ ಆಗ ನೆನಪಾಯಿತು. ಅದು ಗಟ್ಟಿಯಾಗುವಷ್ಟರಲ್ಲಿ ಅವಳು ಕಾಫಿ ಮಾಡಿ ಒಂದು ಲೋಟ ಅವನ ಕೈಗಿಟ್ಟಳು, ಒಂದನ್ನು ಹಿಡಿದು ಪಕ್ಕದಲ್ಲಿ ಕೂತಳು. ಇಬ್ಬರೂ ಮೇಲೆ ನೋಡುತ್ತ ಕುಡಿದರು.

ಲೋಟದಲ್ಲಿ ಇನ್ನೂ ಅರ್ಧ ಉಳಿದಿತ್ತು, ಬಿಸಿಯೂ ಆರಿರಲಿಲ್ಲ. ಟಿಕ್ ಎಂದಿತು.

ಗಾಜಪ್ಪ ಲೋಟವನ್ನು ನೆಲಕ್ಕಿಟ್ಟು, ಹೆಂಡತಿಯ ಕೈ ಹಿಡಿದು ಎಬ್ಬಿಸಿದ. ಚಪ್ಪಲಿ ಹುಡುಕಲೂ ನಿಲ್ಲದೆ ಇಬ್ಬರೂ ಬೀದಿಗೆ ಬಂದರು. ಬೀದಿ ಖಾಲಿಯಿತ್ತು, ಇಳಿ ಬಿಸಿಲಿತ್ತು. ಅಷ್ಟರಲ್ಲಿ ಎದುರು ಮನೆಯ ಬಾಗಿಲು ತೆರೆಯಿತು. ಅದರ ಪಕ್ಕದ ಮನೆಯದೂ ತೆರೆಯಿತು. ಆಮೇಲೆ ಅದರ ಪಕ್ಕದ್ದು, ಬೀದಿಯ ತುದಿಯದ್ದು, ಮೇಲಿನ ಸಾಲಿನದ್ದು. ಒಬ್ಬೊಬ್ಬರಾಗಿ ಎಲ್ಲರೂ ಬರಿಗಾಲಿನಲ್ಲಿ ಹೊರಗೆ ಬಂದು ನಿಂತರು. ಎಲ್ಲರ ಮನೆಯಲ್ಲೂ ಟಿಕ್ ಎಂದಿತ್ತು.